ಯಾವ ಕಟ್ಟಿಗೆ ಕೂಡಬೇಕು, ಅಳಿಯಾ?

ಶಹಾಪುರ
ಕಾರಹುಣ್ಣಿಮೆಯ ಮರುದಿನ

ಚಿರಂಜೀವಿ ಅಳಿಯನಿಗೆ,

ಮಳೆ ಒಂದು ಹದ ಆಗಿದೆ, ಹೆಸರು ಬಿತ್ತಿದ್ದಾರೆ. ಬೆಂಗಳೂರಿನಿಂದ ನೀನು ಕಳಿಸಿದ ಉದ್ದನೆಯ ವಾಟ್ಸ್ಯಾಪ್ ಓದಿದೆ. ಆ ಸಣ್ಣ ಪರದೆಯ ಮೇಲೆ ಉತ್ತರ ಕುಟ್ಟುತ್ತ ಕೂಡುವುದು ನನ್ನ ಕೈಲಾಗದ ಕೆಲಸ. ಕಾಗದದಲ್ಲೇ ಬರೆಯುತ್ತೇನೆ. ಓದಿ ನಿಮ್ಮಪ್ಪನಿಗೂ ತೋರಿಸು, ಬೈದರೆ ನನ್ನನ್ನು ಬೈಯಲಿ.

ನಿಮ್ಮಪ್ಪ ಹೊಲದ ವಾಟ್ನಿ, ಅಂದರೆ ಪಾಲಿನ ದಾವೆ ಹಾಕಿದ್ದಾಯಿತು, ನಿಮ್ಮ ಕಾಕಾ ಅದಕ್ಕೆ ಉತ್ತರವಾಗಿ ಕೈಫಿಯತ್ತು ಕೊಟ್ಟದ್ದಾಯಿತು. ಈಗ ಸುರಪುರದ ನ್ಯಾಯಾಧೀಶರು ‘ರಾಜಿ ಆಗುವಂತಿದ್ದರೆ ನೋಡಿ’ ಅಂದಿದ್ದಾರೆ. ಅದನ್ನು ನೀನು ಬಾಯಿಮಾತಿನ ಸೌಜನ್ಯ ಅಂದುಕೊಂಡಂತಿದೆ. ಹಾಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಎರಡೂ ಕಡೆಯ ಕಾಗದ ಪತ್ರ ಬಂದ ಮೇಲೆ, ವಿಚಾರಣೆಯ ಅಂಶಗಳನ್ನು ಗೊತ್ತುಮಾಡುವ ಮೊದಲು, ಈ ವ್ಯಾಜ್ಯ ಕೋರ್ಟಿನ ಹೊರಗೆ ಬಗೆಹರಿಯಬಹುದೇ ಎಂದು ನ್ಯಾಯಾಧೀಶರು ನೋಡಲೇಬೇಕು. 2010ರ ಜುಲೈನಲ್ಲಿ ಆಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕೊಚ್ಚಿ ಬಂದರಿನ ಸೇತುವೆ, ರಸ್ತೆ ಗುತ್ತಿಗೆಯ ಜಗಳ ಅದು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಯಾವ ದಾವೆ ಇಂಥ ಹೊರಗಿನ ದಾರಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಅದರಲ್ಲೇ ಪಟ್ಟಿ ಇದೆ. ಅಣ್ಣತಮ್ಮಂದಿರ ವಾಟ್ನಿ ಒಗ್ಗುವ ಕಡೆ ಇದೆ. 89ನೇ ಕಲಮನ್ನು ಬರೆದವರು ಎರಡು ವಿಧಾನಗಳ ವ್ಯಾಖ್ಯೆಯನ್ನು ಅದಲು ಬದಲು ಮಾಡಿಬಿಟ್ಟಿದ್ದರು ಅಂತಲೂ ಅದೇ ತೀರ್ಪು ಎತ್ತಿ ತೋರಿಸಿತು. ಕಾಯ್ದೆ ಬರೆಯುವವರೂ ಮನುಷ್ಯರೇ.

ನೀನು ಕೊನೆಗೆ ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ‘ಮಾಮಾ, ನೀವೇ ಬಂದು ಕೂಡಿಸಿ ಮುಗಿಸಿಬಿಡ್ರಿ’ ಅಂದಿದ್ದೀ. ಆಗುವುದಿಲ್ಲ. ನಾನು ನಿಮ್ಮವ್ವನ ಅಣ್ಣ. ಊರಿನ ಕಣ್ಣಿಗೆ ನಾನು ಹಿರಿಯ ವಕೀಲ, ನಿಮ್ಮ ಕಾಕಾನ ಕಣ್ಣಿಗೆ ಎದುರುಪಕ್ಷದ ಬೀಗ. ನಾನು ನ್ಯಾಯವಾದ ಮಾತೇ ಆಡಿದರೂ ಅವನ ಕಿವಿಗೆ ಅದು ತಂಗಿಯ ಪರ, ಅವಳ ಗಂಡನ ಪರ ಆಡಿದ ಮಾತಾಗುತ್ತದೆ. ನಡುವೆ ಕೂಡುವವನಿಗೆ ಆ ಹೊಲದಲ್ಲಿ ಪಾಲೂ ಇರಬಾರದು, ಕೈಯಲ್ಲಿ ಬಡಿಗೆಯೂ ಇರಬಾರದು.

ಬಡಿಗೆ ಅಂದೆನಲ್ಲ, ಸುರಪುರದ ಟೇಲರ್ ಮಂಜಿಲ್ ನೀನು ನೋಡಿದ್ದೀ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ಅರಮನೆಯಲ್ಲೂ ಇಂಥದೇ ಜಗಳ. ರಾಣಿ ಈಶ್ವರಮ್ಮ ಒಂದು ಕಡೆ, ತೀರಿಹೋದ ರಾಜನ ಸಹೋದರ ಇನ್ನೊಂದು ಕಡೆ, ನಡುವೆ ಬಾಲಕ ವೆಂಕಟಪ್ಪ ನಾಯಕ. ಟೇಲರ್ ಒಳ್ಳೆಯ ಮನುಷ್ಯ, ರೈತರ ಕಷ್ಟ ಕೇಳುತ್ತಿದ್ದ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ಆದರೆ ಅವನ ಬೆನ್ನ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಬಲ ಇತ್ತು. ಬೆನ್ನ ಹಿಂದೆ ದಂಡು ಇಟ್ಟುಕೊಂಡು ಮಾಡಿಸಿದ್ದನ್ನು ನಾನು ರಾಜಿ ಅನ್ನಲಾರೆ. ಅವನು 1853ರಲ್ಲಿ ಹೊರಟುಹೋದ, 1858ರಲ್ಲಿ ಅದೇ ವೆಂಕಟಪ್ಪ ನಾಯಕ ಕಂಪನಿಯ ವಿರುದ್ಧ ಕತ್ತಿ ಹಿಡಿದ.

ಅದೇ ಕಾರಣಕ್ಕೆ, ಪೊಲೀಸ್ ಠಾಣೆಯಲ್ಲಿ ಕೂಡಿಸಿ ಬರೆಸಿಕೊಳ್ಳುವ ‘ಮುಚ್ಚಳಿಕೆ ರಾಜಿ’ಯ ದಾರಿಗೆ ನಿಮ್ಮಪ್ಪ ಹೋಗದಂತೆ ನೋಡಿಕೋ. ಹೊಲದ ಹಕ್ಕು ಯಾರದು ಎಂದು ಹೇಳುವ ಅಧಿಕಾರ ಠಾಣೆಗೆ ಇಲ್ಲ. ಅಲ್ಲಿ ಹೆದರಿ ಸಹಿ ಮಾಡಿದವನು ಬಾಗಿಲು ದಾಟಿದ ಕೂಡಲೇ ವಕೀಲರ ಮನೆಗೆ ಓಡುತ್ತಾನೆ.

ಈಗ ಊರ ಹಿರಿಯರ ವಿಷಯ. ನೀನು ಅದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಿದ್ದೀ, ನಿಮ್ಮಪ್ಪ ಅದೊಂದೇ ಸಾಕು ಅನ್ನುತ್ತಾನೆ. ಇಬ್ಬರೂ ಅರ್ಧ ಸರಿ. ಬದು ಎಲ್ಲಿತ್ತು, ಹೊಲಕ್ಕೆ ಗಾಡಿ ದಾರಿ ಯಾವ ಕಡೆಯಿಂದ ಇತ್ತು, ಬಾವಿಯ ನೀರಿನ ಪಾಳಿ ಹೇಗೆ ನಡೆದುಬಂದಿತ್ತು, ಇವು ಪಹಣಿಯಲ್ಲಿ ಸಿಗುವುದಿಲ್ಲ, ಗುಡಿ ಕಟ್ಟಿಯ ಮೇಲೆ ಕೂಡುವ ಮುದುಕರ ತಲೆಯಲ್ಲಿ ಸಿಗುತ್ತವೆ. ಅಂಥ ಜಗಳಕ್ಕೆ ಅವರಿಗಿಂತ ಒಳ್ಳೆಯ ನ್ಯಾಯಸ್ಥಾನ ಇಲ್ಲ. ಒಂದು ಸಂಜೆಗೆ ಮುಗಿಯುತ್ತದೆ, ಖರ್ಚು ಚಹಾದ್ದು. ಆದರೆ ಆ ಕಟ್ಟಿಯ ಮೇಲೆ ನಿನ್ನ ಅತ್ತೆಯಂಥ ಹೆಣ್ಣುಮಕ್ಕಳು ಕೂಡುವುದಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಾರೆ, ಕೊನೆಗೆ ಯಾರೋ ಒಬ್ಬರು ‘ಏನಬೇ, ನಿನಗ ಒಪ್ಪಿಗಿ ಐತಿಲ್ಲ?’ ಅಂತ ಕೂಗುತ್ತಾರೆ. ಅಷ್ಟು ಗಂಡಸರ ಮುಂದೆ ತವರಿನ ವಿರುದ್ಧ ‘ಇಲ್ಲ’ ಅನ್ನುವ ಹೆಣ್ಣುಮಗಳು ಎಲ್ಲಿದ್ದಾಳೆ? ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಮ್ಮ ಸೀಮೆಯಲ್ಲಿ ಮದುವೆ ಮುಂಜಿಯಷ್ಟೇ ಸಹಜವಾಗಿ ನಡೆದುಬಂದಿದೆ. ಕೋಪ ಬರುತ್ತದೆ ನನಗೆ.

ನಿನ್ನ ಸಂದೇಶದಲ್ಲಿ ಅಪ್ಪ, ಕಾಕಾ, ಅಷ್ಟೇ ಇದ್ದಾರೆ. ಅವರ ಅಕ್ಕತಂಗಿಯರಾದ ನಿನ್ನ ಅತ್ತೆಯರ ಹೆಸರೇ ಇಲ್ಲ. ಕಾನೂನಿನಲ್ಲಿ ಇದ್ದಾರೆ, ಅಳಿಯಾ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ, ತಂದೆ ಆ ತಿದ್ದುಪಡಿಗೆ ಮೊದಲೇ ತೀರಿಹೋಗಿದ್ದರೂ ಮಗಳ ಹಕ್ಕಿಗೆ ಚ್ಯುತಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಅಜ್ಜ ಇದ್ದಾಗಲೇ ಬಾಯಿಮಾತಿನ ವಾಟ್ನಿ ಆಗಿದೆ ಅಂತ ಕಾಕಾ ಕೈಫಿಯತ್ತಿನಲ್ಲಿ ಬರೆದಿದ್ದಾನಲ್ಲ, ಅದಕ್ಕೂ ಆ ತೀರ್ಪಿನಲ್ಲೇ ಉತ್ತರ ಇದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಾದ ವಾಟ್ನಿಗೆ ರಕ್ಷಣೆ ಇದೆ. ಬರೀ ಬಾಯಿಮಾತಿನದು ಎಂದರೆ ಸರಕಾರಿ ದಾಖಲೆಗಳ ಬೆಂಬಲ ಬೇಕು, ಅಪರೂಪಕ್ಕೆ ಮಾತ್ರ ಕೋರ್ಟ್ ಒಪ್ಪುತ್ತದೆ. ತೀರಿಹೋದ ನಿನ್ನ ಸಣ್ಣ ಅತ್ತೆಯ ಪಾಲು ಅವಳ ವಾರಸುದಾರರಿಗೆ ಹೋಗುತ್ತದೆ. ಅವಳ ಮಗಳು ಇನ್ನೂ ಹತ್ತನೇ ಇಯತ್ತೆ ಓದುತ್ತಿದ್ದಾಳೆ. ಮೈನರ್ ಮಗುವಿನ ಪರವಾಗಿ ಮಾಡುವ ರಾಜಿಗೆ ಕೋರ್ಟಿನ ಅನುಮತಿ ಕಡ್ಡಾಯ. ಇಲ್ಲದಿದ್ದರೆ ಆ ಹುಡುಗಿ ದೊಡ್ಡವಳಾದ ಮೇಲೆ ನಿಮ್ಮ ರಾಜಿಯನ್ನೇ ಪ್ರಶ್ನಿಸಬಹುದು, ಪ್ರಶ್ನಿಸಲೂಬೇಕು.

ಹಾಗಾಗಿ ಯಾವ ದಾರಿ ಹಿಡಿಯಬೇಕು ಎಂದು ಕೇಳುವ ಮೊದಲು, ಆ ಕೋಣೆಯಲ್ಲಿ ‘ಬೇಡ’ ಅನ್ನಲು ಯಾರಿಗೆ ಧೈರ್ಯ ಇರುವುದಿಲ್ಲ ಎಂದು ನೋಡು. ಅವರಿಗೆ ಬಾಯಿ ಬರುವ ಜಾಗವೇ ನಿಮಗೆ ಸರಿಯಾದ ಜಾಗ. ಇಷ್ಟು ವರ್ಷ ಕರಿ ಕೋಟು ತೊಟ್ಟು ನಾನು ಕಲಿತದ್ದು ಅಷ್ಟೇ, ಉಳಿದದ್ದೆಲ್ಲ ಪುಸ್ತಕದಲ್ಲಿದೆ.

ಲೋಕ ಅದಾಲತ್ ಬಗ್ಗೆ ನಿನಗೆ ಬಹಳ ಉತ್ಸಾಹ. ‘ಒಂದೇ ದಿನಕ್ಕೆ ಮುಗಿತೈತಂತ ಮಾಮಾ’ ಅಂದಿದ್ದೀ. ಮುಗಿಯುತ್ತದೆ, ಅದೇ ಅದರ ಗುಣ, ಅದೇ ಅದರ ಅಪಾಯ. ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಅಪಘಾತದ ಪರಿಹಾರ, ಇವುಗಳಲ್ಲಿ ಜಗಳ ಇರುವುದು ಮೊತ್ತದ ಮೇಲೆ. ಎಷ್ಟು ಕೊಡುತ್ತೀ, ಎಷ್ಟಕ್ಕೆ ಬಿಡುತ್ತೀ ಎಂದು ಹಗ್ಗ ಜಗ್ಗಿ ಮಧ್ಯಾಹ್ನದೊಳಗೆ ಮುಗಿಸಬಹುದು. ಅಲ್ಲಿ ಆದ ಅವಾರ್ಡಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ, ಕೋರ್ಟ್ ಫೀ ವಾಪಸ್. ಆದರೆ ಮೇಲ್ಮನವಿ ಇಲ್ಲ. ಒಪ್ಪಂದದಲ್ಲಿ ತಪ್ಪಾಗಿದೆ ಎಂದು ಆಮೇಲೆ ಗೊತ್ತಾದರೆ ಕಲಬುರಗಿ ಪೀಠಕ್ಕೆ ರಿಟ್ ಹಾಕಿಕೊಂಡು ಓಡಬೇಕು, ಅದೂ ಬಹಳ ಕಡಿಮೆ ಕಾರಣಗಳಿಗೆ. ನಿಮ್ಮ ಮನೆಯ ಗಂಟು ಒಂದು ದಿನದ ಗದ್ದಲದಲ್ಲಿ ಬಿಚ್ಚುವಂಥದ್ದಲ್ಲ. ಅಲ್ಲಿ ನಿನ್ನ ಅತ್ತೆಗೆ ಮಾತಾಡಲು ಐದು ನಿಮಿಷ ಸಿಕ್ಕರೆ ಹೆಚ್ಚು. ಆರ್ಬಿಟ್ರೇಷನ್ ಅಂತಲೂ ಒಂದು ಪದ ಹಾಕಿದ್ದೀ. ಅದರಲ್ಲಿ ನಡುವೆ ಕೂತವನೇ ತೀರ್ಪು ಕೊಡುತ್ತಾನೆ, ಎಲ್ಲರೂ ಒಪ್ಪಿದರೆ ಮಾತ್ರ ಕಳಿಸಲು ಬರುತ್ತದೆ. ಗುತ್ತಿಗೆದಾರರಿಗೆ ಸರಿ, ನಿಮಗೆ ಬೇಡ.

ನನ್ನ ಸಲಹೆ ಮಧ್ಯಸ್ಥಿಕೆ, ಮೀಡಿಯೇಷನ್. ಕರ್ನಾಟಕ ಇದಕ್ಕೆ 2005ರಲ್ಲೇ ನಿಯಮ ಮಾಡಿತು. ಬೆಂಗಳೂರಿನ ನ್ಯಾಯದೇಗುಲದ ಮಧ್ಯಸ್ಥಿಕೆ ಕೇಂದ್ರ 2007ರ ಜನವರಿ 1ರಂದು ಶುರುವಾಯಿತು, ರಜೆ ಇದ್ದಾಗ ಹೊರಗಿನಿಂದಾದರೂ ನೋಡಿ ಬಾ. ಈಗ ಅದಕ್ಕಾಗಿ ಯಾರೂ ಬೆಂಗಳೂರಿಗೆ ಹೋಗಬೇಕಿಲ್ಲ. ಜಿಲ್ಲಾ, ತಾಲೂಕು ಕೋರ್ಟುಗಳಲ್ಲೇ ತರಬೇತಿ ಪಡೆದ ಮಧ್ಯಸ್ಥಗಾರರು ಇದ್ದಾರೆ. ಕೋರ್ಟೇ ಕಳಿಸಿದ ಮಧ್ಯಸ್ಥಿಕೆಗೆ ನೀವು ಅವರಿಗೆ ಫೀಸು ಕೊಡುವುದಿಲ್ಲ.

ಆದರೆ ಮಧ್ಯಸ್ಥಿಕೆ ಎಂದರೆ ಒಂದೇ ಬಗೆ ಅಲ್ಲ. ಇಲ್ಲೇ ನೀನು ತಲೆ ಓಡಿಸಬೇಕು. ಕೆಲವರು ಕೇಳುವ ಮಧ್ಯಸ್ಥಗಾರರು. ಅಭಿಪ್ರಾಯ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ, ನಿಮ್ಮ ಬಾಯಿಂದಲೇ ದಾರಿ ಹೊರಡಿಸುತ್ತಾರೆ. ಇನ್ನು ಕೆಲವರು ತೂಗಿ ಹೇಳುವವರು. ‘ನಿನ್ನ ಕೇಸಿನಲ್ಲಿ ಇಷ್ಟು ಬಲ ಇದೆ, ಇಲ್ಲಿ ಪೊಳ್ಳು ಇದೆ, ವಿಚಾರಣೆಗೆ ಹೋದರೆ ಹೀಗಾದೀತು’ ಎಂದು ಮುಖಕ್ಕೆ ಹೇಳುತ್ತಾರೆ. ಮೂರನೆಯ ಬಗೆಯವರಿಗೆ ಆಸ್ತಿಗಿಂತ ಮನಸ್ಸಿನ ಚಿಂತೆ. ಮುರಿದ ಮಾತು ಮತ್ತೆ ಶುರುವಾದರೆ ಉಳಿದದ್ದು ತಾನೇ ಆಗುತ್ತದೆ ಅನ್ನುತ್ತಾರೆ. ಅಮೆರಿಕದ ಪುಸ್ತಕಗಳಲ್ಲಿ ಇವಕ್ಕೆ ಬೇರೆ ಬೇರೆ ಹೆಸರು, ಬೇರೆ ಬೇರೆ ಪಂಗಡ. ನಮ್ಮಲ್ಲಿ ಒಬ್ಬನೇ ಮಧ್ಯಸ್ಥಗಾರ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗುತ್ತಾನೆ. ಅದು ತಪ್ಪಲ್ಲ. ಯಾವ ಮಾತಿಗೆ ಯಾವ ರೀತಿ ಎಂಬ ಹದ ಗೊತ್ತಿದ್ದರೆ ಸಾಕು.

ನಿಮ್ಮ ಮನೆಯ ಜಗಳವನ್ನೇ ತೆಗೆದುಕೋ. ಮೇಲೆ ನೋಡಿದರೆ ಒಂದೇ ದಾವೆ, ಒಳಗೆ ಮೂರು ಬಗೆಯ ಜಗಳ ಇದೆ. ಬಾಯಿಮಾತಿನ ವಾಟ್ನಿ ನಿಲ್ಲುತ್ತದೆಯೇ, ಅತ್ತೆಯರಿಗೆ ಪಾಲು ಇದೆಯೇ ಎಂಬುದು ಕಾನೂನಿನ ಪ್ರಶ್ನೆ. ಅದನ್ನು ಮೆತ್ತಗೆ ಪ್ರಶ್ನೆ ಕೇಳುವವರ ಕೈಗೆ ಕೊಟ್ಟರೆ ಕಾಕಾ ಒಂದು ಇಂಚೂ ಕದಲುವುದಿಲ್ಲ, ನಿಮ್ಮಪ್ಪನೂ ‘ಅಕ್ಕತಂಗ್ಯಾರು ಏನೂ ಕೇಳಂಗಿಲ್ಲ ಬಿಡ್ರಿ’ ಅಂತ ಜಾರಿಕೊಳ್ಳುತ್ತಾನೆ. ಅಲ್ಲಿ ಕಾನೂನು ಬಲ್ಲವರು ಬೇಕು. ಅಣ್ಣತಮ್ಮಂದಿರನ್ನು ಬೇರೆ ಬೇರೆ ಕೂಡಿಸಿ, ಒಬ್ಬೊಬ್ಬರಿಗೂ ಅವರವರ ಕೇಸಿನ ಪೊಳ್ಳು ತೋರಿಸಬೇಕು. ಬೇರೆಯಾಗಿ ಯಾಕೆ ಎಂದರೆ, ಎಲ್ಲರೆದುರು ಸೋತೆ ಅನ್ನಿಸಿದ ಮನುಷ್ಯ ಎದ್ದು ಹೋಗುತ್ತಾನೆ. ಅತ್ತೆಯನ್ನೂ ಒಬ್ಬಳನ್ನೇ ಕೂಡಿಸಿ ಕೇಳಬೇಕು, ಗಂಡನಾಗಲಿ ಅಣ್ಣನಾಗಲಿ ಆ ಕೋಣೆಯಲ್ಲಿ ಇರಬಾರದು. ಅವಳು ನಿಜವಾಗಿಯೂ ಏನೂ ಬೇಡ ಅಂದರೆ ಅದು ಅವಳ ದೊಡ್ಡತನ. ಆದರೆ ಅದನ್ನು ತನಗೆ ಎಷ್ಟು ಪಾಲು ಬರುತ್ತದೆ ಎಂದು ತಿಳಿದ ಮೇಲೆ ಹೇಳಲಿ.

ಇನ್ನು ಹೊಲ ಹಂಚುವ ಮಾತು. ಎಕರೆ ಲೆಕ್ಕದಲ್ಲಿ ಸಮ ಹಂಚಿದರೆ ಸಮ ಆಗುವುದಿಲ್ಲ. ಕಾಲುವೆಯ ಬಾಯಿ ಕಡೆಯ ಹೊಲ ಭತ್ತ ಬೆಳೆಯುತ್ತದೆ, ಕೆಳಗಿನ ತಗ್ಗು ಸವಳು ಹಿಡಿದಿದೆ. ಕೋರ್ಟಿನ ಡಿಕ್ರಿ ಪಾಲಿನ ಪ್ರಮಾಣ ಹೇಳುತ್ತದೆ, ಹೊಲಕ್ಕೆ ಹೋಗಿ ಮಣ್ಣು ನೋಡುವುದು ಆಮೇಲಿನ ಮಾತು. ಅದಕ್ಕೆ ಮತ್ತೆ ಅಂತಿಮ ಡಿಕ್ರಿಯ ಹಂತ, ಅಳತೆ, ತಕರಾರು. ಇಲ್ಲಿ ಕೇಳುವ ಮಧ್ಯಸ್ಥಗಾರರೇ ಸರಿ. ಕಾಕಾಗೆ ನಿಜವಾಗಿ ಬೇಕಾದದ್ದು ಏನು? ಅವನು ಅಲ್ಲೇ ದುಡಿಯುವವನು, ನೀರಿನ ಹೊಲ ಬೇಕು. ನಿಮ್ಮಪ್ಪ ಯಾದಗಿರಿ ಬಿಟ್ಟು ನೇಗಿಲು ಹಿಡಿಯುವುದಿಲ್ಲ, ಅವನಿಗೆ ಬೆಲೆ ಬೇಕು. ಅತ್ತೆಗೆ ಬೇಕಾದದ್ದು ಹಣ ಇರಬಹುದು, ಊರಿಗೆ ಬಂದರೆ ಇಳಿಯಲು ಒಂದು ಕೋಣೆ ಇರಬಹುದು. ನೀರಿನ ಹೊಲ ಕಾಕಾಗೆ ಬಿಟ್ಟು, ಅವನಿಂದ ಹೆಚ್ಚಿನ ಬೆಲೆಯನ್ನು ಕಂತಿನಲ್ಲಿ ಕೊಡಿಸುವುದು ಕೋರ್ಟಿನ ತೀರ್ಪಿಗೆ ಕಷ್ಟ, ಮಧ್ಯಸ್ಥಿಕೆಗೆ ಸುಲಭ. ನಾರಾಯಣಪುರದ ಬಸವಸಾಗರದಿಂದ ನಿಮ್ಮ ಹೊಲಕ್ಕೆ ಬರುವ ಕೃಷ್ಣೆಯ ನೀರಿನ ಮೇಲೇ ರಾಜ್ಯ ರಾಜ್ಯಗಳು 1969ರಿಂದ ನ್ಯಾಯಮಂಡಳಿಯ ಮುಂದೆ ನಿಂತಿವೆ. ಬಚಾವತ್ ಮಂಡಳಿ ಆಯಿತು, ಬ್ರಿಜೇಶ್ ಕುಮಾರ್ ಮಂಡಳಿ ಆಯಿತು, ವಾದ ಇನ್ನೂ ಇದೆ. ಹಿಡಿ ಹೊಲಕ್ಕೆ ನೀವೂ ಅಷ್ಟು ಕಾಲ ನಿಲ್ಲಬೇಕೇ?

ಮೂರನೆಯದನ್ನು ಯಾರೂ ಕೈಫಿಯತ್ತಿನಲ್ಲಿ ಬರೆದಿಲ್ಲ. ನಿಮ್ಮ ಅಜ್ಜ ಕೊನೆಗೆ ಹಾಸಿಗೆ ಹಿಡಿದಾಗ ನೋಡಿಕೊಂಡವರು ಕಾಕಾ, ಕಾಕು. ಮಲಮೂತ್ರ ಬಳಿದವರು ಅವರು, ತಿಥಿಯ ದಿನ ಮುಂದೆ ನಿಂತು ಮೆರೆದವನು ನಿಮ್ಮಪ್ಪ. ‘ನಾನಿದ್ದೆ ಅಂತ ಒಂದು ಮಾತು ಅಣ್ಣನ ಬಾಯಾಗ ಬರಲಿಲ್ಲ’ ಅಂತ ಕಾಕಾ ಒಮ್ಮೆ ನನ್ನೆದುರೇ ಅಂದಿದ್ದ. ಬಾಯಿಮಾತಿನ ವಾಟ್ನಿ ಎಂಬ ಕಥೆ ಹುಟ್ಟಿದ್ದು ಆ ನೋವಿನಿಂದಲೇ ಎಂದು ನನ್ನ ಅನುಮಾನ. ಈ ಮಾತನ್ನು ಯಾವ ಕಲಮಿನ ಅಡಿಯಲ್ಲೂ ಸಾಬೀತು ಮಾಡಲು ಬರುವುದಿಲ್ಲ. ಇದಕ್ಕೆ ಇಬ್ಬರನ್ನೇ ಎದುರು ಬದುರು ಕೂಡಿಸಬೇಕು, ವಕೀಲರು ಹೊರಗೆ ಚಹಾ ಕುಡಿಯಲಿ. ಆದರೆ ಇದರಿಂದಲೇ ಶುರುಮಾಡುವುದು ಬೇಡ. ಅಣ್ಣತಮ್ಮಂದಿರು ಅಪ್ಪಿಕೊಂಡು ಅತ್ತುಬಿಟ್ಟರೆ ಆ ಭರದಲ್ಲಿ ಅತ್ತೆಯರ ಪಾಲು ಮರೆತೇ ಹೋಗುತ್ತದೆ. ಮೊದಲು ಕಾನೂನಿನ ಮಾತು ಮುಗಿಯಲಿ, ಆಮೇಲೆ ಹೊಲ, ನಡುವೆ ಎಲ್ಲಿ ಬಾಯಿ ಬರುತ್ತದೋ ಅಲ್ಲಿ ಈ ಮಾತು.

ಅಲ್ಲಿ ಆಡಿದ್ದು ಮುಂದೆ ಸಾಕ್ಷಿಯಾಗುತ್ತದೆ ಎಂಬ ಹೆದರಿಕೆ ಬೇಡ. ಮಧ್ಯಸ್ಥಿಕೆಯ ಕೋಣೆಯ ಮಾತು ಗೋಪ್ಯ. ಆಗದಿದ್ದರೆ ‘ಆಗಲಿಲ್ಲ’ ಅಂತಷ್ಟೇ ಕೋರ್ಟಿಗೆ ಬರೆಯಬೇಕು, ಯಾರು ಏನು ಅಂದರು ಎಂದು ಬರೆಯಕೂಡದು. ಮೋತಿರಾಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಂಡಿತವಾಗಿ ಹೇಳಿದೆ. ದಾವೆ ಬಿಟ್ಟಲ್ಲಿಂದ ಮತ್ತೆ ಶುರು.

2023ರ ಹೊಸ ಮಧ್ಯಸ್ಥಿಕೆ ಕಾಯ್ದೆ ಓದಿದೆ, ಅದರಲ್ಲಿ ಸಮುದಾಯ ಮಧ್ಯಸ್ಥಿಕೆ ಇದೆ ಅಂದಿದ್ದೀ. ಇದೆ. ಊರಿನ ಶಾಂತಿ ಕೆಡುವಂಥ ಜಗಳಕ್ಕೆ ಮೂವರ ಮಂಡಳಿ. ಜಾತ್ರೆಯ ತೇರು ಯಾವ ಓಣಿಯಲ್ಲಿ ಹಾಯಬೇಕು ಎಂಬಂಥದಕ್ಕೆ ಚಲೋ. ಆದರೆ ಅಲ್ಲಾದ ಒಪ್ಪಂದಕ್ಕೆ ಡಿಕ್ರಿಯ ಬಲ ಇಲ್ಲ, ನಿಮ್ಮ ಹೊಲಕ್ಕೆ ಅದು ಸಾಲದು. ಆ ಕಾಯ್ದೆಯ ಎಲ್ಲ ಕಲಂಗಳೂ ಒಮ್ಮೆಗೆ ಜಾರಿಗೆ ಬರಲಿಲ್ಲ, 2023ರ ಅಕ್ಟೋಬರ್ 9ರಂದು ಬಂದದ್ದು ಕೆಲವು ಮಾತ್ರ. ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಕೋರ್ಟಿನಲ್ಲಿ ಹೇಳಲು ಹೋಗಬೇಡ.

ರಾಜಿಯೇ ಇಲ್ಲದ ಜಗಳಗಳೂ ಇವೆ ಎಂಬುದು ತಲೆಯಲ್ಲಿರಲಿ. ದಲಿತರ ಮೇಲೆ ಕೈ ಮಾಡಿದ ಕೇಸನ್ನು, ಹೆಣ್ಣಿನ ಮೈಮೇಲಿನ ಅಪರಾಧವನ್ನು ಕಟ್ಟಿಯ ಮೇಲೆ ಕೂತು ದಂಡ ಹಾಕಿ ಮುಗಿಸುತ್ತೇವೆ ಅನ್ನುವವರು ನಿನ್ನ ಎದುರಿಗೆ ಬಂದರೆ ಅವರ ಜೊತೆ ಚಹಾ ಕೂಡ ಕುಡಿಯಬೇಡ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನೂ ರಾಜಿಯ ಹೆಸರಿನಲ್ಲಿ ಹೊಡೆದುಕೊಳ್ಳಲು 1978ರ ಕಾಯ್ದೆ ಬಿಡುವುದಿಲ್ಲ.

ಎಚ್ಚರಿಕೆಯ ಮಾತು ಒಂದಿದೆ. ಕಾಕಾ ಕಾಲುವೆ ಕಡೆಯ ಹೊಲ ಮಾರಲು ಯಾರಿಗೋ ಅಗ್ರಿಮೆಂಟ್ ಮಾಡಿಕೊಡುತ್ತಾನೆ ಎಂಬ ಸುದ್ದಿ ಹೌದೇ ಆದರೆ, ಮೊದಲು ತಡೆಯಾಜ್ಞೆ ಕೇಳಲು ನಿಮ್ಮ ವಕೀಲರಿಗೆ ಹೇಳು. ತಡೆಯಾಜ್ಞೆ ತಂದರೆ ರಾಜಿ ಕೆಡುತ್ತದೆ ಎಂದು ಅಳುಕಬೇಡ. ಹೊಲ ಕೈಬಿಟ್ಟ ಮೇಲೆ ಹಂಚಲು ಏನು ಉಳಿದಿರುತ್ತದೆ?

ಒಪ್ಪಂದ ಕೂಡಿಬಂದರೆ ಬರವಣಿಗೆಯಲ್ಲಿ ಜಿಪುಣತನ ಬೇಡ. ‘ಉಭಯರೂ ಹೊಂದಿಕೊಂಡು ಹೋಗತಕ್ಕದ್ದು’ ಎಂಬ ಸಾಲು ನೋಡಿದರೆ ನನಗೆ ಮುಂದಿನ ದಾವೆಯೇ ಕಾಣುತ್ತದೆ. ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ, ಬಂಡಿ ದಾರಿಯ ಅಗಲ, ನೀರಿನ ಪಾಳಿಯ ದಿನ, ಸೊಸೈಟಿ ಸಾಲ ಯಾರ ತಲೆಗೆ, ಕಂತು ತಪ್ಪಿದರೆ ಏನು, ಎಲ್ಲವೂ ಇರಲಿ. ಅಜ್ಜನ ಅಪ್ಪನ ಕಾಲದ ನಿಜಾಮರ ಕಚೇರಿಯ ಉರ್ದು ಕಾಗದಗಳು ನಿಮ್ಮ ಟ್ರಂಕಿನಲ್ಲಿವೆ, ಅವನ್ನು ಕನ್ನಡಕ್ಕೆ ಮಾಡಿಸಿ ಇಟ್ಟುಕೋ. ಸರ್ವೆಯವರಿಂದ ನಕಾಶೆ ಮಾಡಿಸಿ ಲಗತ್ತಿಸಿ. ಎಲ್ಲರೂ ಸಹಿ ಮಾಡಿದ ಆ ಒಪ್ಪಂದ ಕೋರ್ಟಿಗೆ ಹೋಗಿ ರಾಜಿ ಡಿಕ್ರಿ ಆಗಬೇಕು. ದಾವೆಯಲ್ಲಿ ಇಲ್ಲದ ಆಸ್ತಿಯನ್ನು ಅದರಲ್ಲಿ ಸೇರಿಸಿದರೆ ನೋಂದಣಿಯ ತೊಡಕು ಬರುತ್ತದೆ, ಅದಕ್ಕೇ ನಿಮ್ಮ ಶಹಾಪುರದ ಪ್ಲಾಟಿನ ಮಾತು ಬೇರೆ ಇಡಿ. ಡಿಕ್ರಿ ಆದ ಮೇಲೆ ಪೋಡಿ, ಪಹಣಿ ತಿದ್ದುಪಡಿ ಆಗುವ ತನಕ ಬೆನ್ನು ಬಿಡಬೇಡ.

ಈಗ ನೀನು ಮಾಡಬೇಕಾದದ್ದು. ದೊಡ್ಡ ಅತ್ತೆಗೆ ಇವತ್ತೇ ಫೋನ್ ಮಾಡು. ದಾವೆಯಲ್ಲಿ ಅವಳನ್ನೂ, ಸಣ್ಣ ಅತ್ತೆಯ ಮಗಳನ್ನೂ ಪಕ್ಷಗಾರರನ್ನಾಗಿ ಸೇರಿಸಲು ನಿಮ್ಮಪ್ಪನನ್ನು ಒಪ್ಪಿಸು. ಅವನ ಪಾಲು ಕಡಿಮೆ ಆಗುತ್ತದೆ, ನಾಳೆ ನಿನ್ನದೂ. ಆಗಲಿ. ಅತ್ತೆಗೆ ನಿಮ್ಮ ವಕೀಲರು ಬೇಡ, ಅವಳದೇ ವಕೀಲರು ಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು, 15100ಕ್ಕೆ ಫೋನ್ ಮಾಡಿ ಕೇಳಿದರೂ ಹೇಳುತ್ತಾರೆ. ಮುಂದಿನ ತಾರೀಖಿಗೆ ನಿಮ್ಮ ವಕೀಲರು ‘ಮಧ್ಯಸ್ಥಿಕೆಗೆ ಒಪ್ಪಿಗೆ ಇದೆ, ಜಮೀನಿನ ವ್ಯಾಜ್ಯ ಬಲ್ಲ ಮಧ್ಯಸ್ಥಗಾರರನ್ನು ಕೊಡಿ’ ಎಂದು ಕೇಳಲಿ. ಅತ್ತೆಯ ಮತ್ತು ಆ ಹುಡುಗಿಯ ಹೆಸರು ದಾವೆಗೆ ಸೇರುವ ತನಕ ಯಾವ ರಾಜಿ ಕಾಗದಕ್ಕೂ ನಿಮ್ಮಪ್ಪನ ಸಹಿ ಬೀಳಬಾರದು.

ಇಂತಿ ನಿನ್ನ
ಸೋದರಮಾವ